ಎರಡು ತಿಳಿನೀರು ಕೂಡಿದರೆ ಅದಿರು

ವೀಳ್ಯದೆಲೆಗೆ ಹಚ್ಚುವ ಸುಣ್ಣ ಮಂಗಳೂರಿನ ಗೂಡಂಗಡಿಗಳಲ್ಲಿ ಸಿಗುತ್ತದೆ. ಬಣ್ಣ ಹಾಕದ್ದನ್ನೇ ತನ್ನಿ. ಒಂದು ಚಮಚವನ್ನು ಲೀಟರ್ ನೀರಿಗೆ ಕಲಕಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಮೆಲ್ಲಗೆ ಬಸಿದುಕೊಳ್ಳಿ. ಸುಣ್ಣ ಕಣ್ಣಿಗೆ ಸಿಡಿಯಬಾರದು. ಮಕ್ಕಳ ಜೊತೆ ದೊಡ್ಡವರು ಇರಲೇಬೇಕು. ಇನ್ನೊಂದು ಲೋಟದಲ್ಲಿ ಸಾದಾ ಸೋಡಾ ಇರಲಿ.

ಸುಣ್ಣದ ತಿಳಿಗೆ ಸೋಡಾವನ್ನು ಚಮಚದಿಂದ ಸ್ವಲ್ಪಸ್ವಲ್ಪವೇ ಬಿಡಿ. ಬಿದ್ದಲ್ಲಿ ಹೊಗೆಯಂಥ ಬಿಳಿ ಎಳೆ ಹುಟ್ಟಿ, ನೋಡನೋಡುತ್ತಲೇ ಇಡೀ ಲೋಟ ಹಾಲಿನಂತಾಗುತ್ತದೆ. ಅದು ಸುಣ್ಣದಕಲ್ಲಿನ ಪುಡಿ. ಯಾವ ಲೋಟದಲ್ಲೂ ಇರದಿದ್ದ ಕಲ್ಲು ಎರಡೂ ಕೂಡಿದಾಗ ಹುಟ್ಟಿತು. ಎಷ್ಟೋ ಸೀಸ, ಸತುವಿನ ಗಣಿಗಳು ಹುಟ್ಟಿದ್ದೂ ಹೀಗೆಯೇ.

ನೆಲದಡಿಯ ಮೊದಲ ಲೋಟದಲ್ಲಿರುವುದು ಕಡಲಿಗಿಂತ ಹಲವು ಪಟ್ಟು ಉಪ್ಪಾದ ಬಿಸಿನೀರು. ಉಪ್ಪಿನ ಕ್ಲೋರೈಡ್ ಬಂಡೆಯಿಂದ ಲೋಹವನ್ನು ಬಿಡಿಸಿ ಹೊತ್ತೊಯ್ಯುತ್ತದೆ. ಒಂದು ಟನ್ ಸಾಮಾನ್ಯ ಬಂಡೆಯಲ್ಲಿ ಸತು ಸರಾಸರಿ 70 ಗ್ರಾಂ ಮಾತ್ರ. ಗಣಿ ತೋಡಲು ಹತ್ತಾರು ಕಿಲೋ ಬೇಕು. ಅಷ್ಟನ್ನೂ ಒಂದೆಡೆ ಗುಡ್ಡೆ ಹಾಕುವುದು ನೀರೇ. ಎರಡನೆಯ ಲೋಟದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕರಗಿದ ನೀರಿದೆ. ಬಂಡೆಯ ಬಿರುಕಿನಲ್ಲಿ ಇವು ಎದುರಾದರೆ ಲೋಹ ಕ್ಲೋರೈಡನ್ನು ಬಿಟ್ಟು ಗಂಧಕವನ್ನು ಸೇರುತ್ತದೆ. ಸೀಸ ಗೆಲೀನಾ ಎಂಬ ಅದಿರಾಗಿ, ಸತು ಸ್ಫಾಲರೈಟ್ ಎಂಬ ಅದಿರಾಗಿ ಬಿರುಕಿನ ಗೋಡೆಗೆ ಕಚ್ಚಿಕೊಳ್ಳುತ್ತದೆ.

ಕಡಲ ತಳದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಪೂರ್ವ ಪೆಸಿಫಿಕ್ ಏಣು ಎಂಬ ಕಡಲತಳದ ಬೆಟ್ಟಸಾಲಿನಲ್ಲಿ 1979ರಲ್ಲಿ ಆಲ್ವಿನ್ ಎಂಬ ಮುಳುಗುನೌಕೆಯಿಂದ ಕಂಡ ಕೊಳವೆಗಳಲ್ಲಿ ಸುಮಾರು 350 ಡಿಗ್ರಿಯ ನೀರು ತಿಳಿಯಾಗಿಯೇ ಚಿಮ್ಮುತ್ತದೆ. 2 ಡಿಗ್ರಿಯ ಕಡಲನೀರು ಸೋಕಿದೊಡನೆ ತಣಿದು, ಕಬ್ಬಿಣ, ತಾಮ್ರ, ಸತುವಿನ ಸಲ್ಫೈಡ್ ಕಣಗಳಿಂದ ಕಪ್ಪಾಗುತ್ತದೆ.

ಈಗ ನಿಮ್ಮ ಲೋಟಕ್ಕೆ ಸೋಡಾ ಸುರಿಯುತ್ತಲೇ ಹೋಗಿ. ನನಗೆ ಇಡೀ ಪ್ರಯೋಗದ ಜೀವವೇ ಈ ಹಂತ. ಬಿಳುಪು ನಿಧಾನವಾಗಿ ತೆಳುವಾಗಿ, ಹುಟ್ಟಿದ ಕಲ್ಲು ಮತ್ತೆ ಕರಗತೊಡಗುತ್ತದೆ. ನೆಲದಡಿಯಲ್ಲೂ ಬೆರಕೆಯ ಹದ ಕೆಟ್ಟರೆ ಕೂತದ್ದು ಕರಗಬಹುದು. ಆದ್ದರಿಂದ ಆ ಎರಡು ನೀರು ಒಂದೇ ಜಾಗದಲ್ಲಿ, ಒಂದೇ ಹದದಲ್ಲಿ, ಬಹುಕಾಲ ಕೂಡುತ್ತಲೇ ಇರಬೇಕು. ನಮ್ಮ ಅಳಿವೆಬಾಗಿಲನ್ನು ನೆನೆಯಿರಿ. ನೇತ್ರಾವತಿ, ಫಲ್ಗುಣಿ ತಂದ ನುಣ್ಣನೆಯ ಕೆಸರು ಉಪ್ಪುನೀರು ಸೋಕಿದಲ್ಲಿ ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ. ಭೂವಿಜ್ಞಾನಿಗಳು ಅದಿರಿಗಾಗಿ ಹುಡುಕುವುದೂ ಅಂಥ ಅಳಿವೆಯನ್ನೇ, ಕೋಟ್ಯಂತರ ವರ್ಷಗಳ ಹಿಂದೆ ನೆಲದಡಿ ಇದ್ದದ್ದನ್ನು.

ಸೋಡಾ ಸುರಿದು ಬಿಳುಪು ಕರಗಿದ ನೀರನ್ನು ಚೆಲ್ಲಬೇಡಿ. ಹಳೆಯ ಪಾತ್ರೆಯಲ್ಲಿ ಕುದಿಸಿದರೆ ಗ್ಯಾಸ್ ಹಾರಿ, ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ಬೆರಕೆಯಿಲ್ಲದೆ ಬರೀ ಕುದಿತದಿಂದ ಅದಿರು ಕೂರುವುದೂ ಹೀಗೆಯೇ.