ಮಳೆಗಾಲದ ಘಟ್ಟದ ರಸ್ತೆ: ಸಂಚಾರ ನಿರ್ಬಂಧವಿದ್ದಾಗ ವಾಹನ ಓಡಿಸುವ, ನಿಲ್ಲಿಸುವ ಕ್ರಮ

ಮುಂಗಾರು ಜೋರಾದ ಮೇಲೆ ಹಾಸನ ಅಥವಾ ಚಿಕ್ಕಮಗಳೂರಿನಿಂದ ಘಟ್ಟ ಇಳಿಯುವವರು, ಆ ದಿನ ಯಾವ ರಸ್ತೆಯಲ್ಲಿ ಯಾವ ವಾಹನಕ್ಕೆ ಎಷ್ಟು ಹೊತ್ತಿನವರೆಗೆ ಅವಕಾಶವಿದೆ ಎಂಬುದನ್ನು ತಿಳಿದುಕೊಂಡೇ ಮನೆ ಬಿಡಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಹಲವೆಡೆ ಧರೆ, ಅಂದರೆ ರಸ್ತೆ ಬದಿಯ ಕಡಿದಾದ ಗುಡ್ಡದ ಮಣ್ಣು, ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆದಾಗಲೂ ಮೊದಲು ಅವಕಾಶ ಸಿಕ್ಕಿದ್ದು ಲಘು ವಾಹನಗಳಿಗೆ ಮಾತ್ರ. 2024ರ ಜುಲೈ ಕೊನೆಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಲು ಬಳಿ ಗುಡ್ಡ ಜರಿದಾಗ ರಸ್ತೆಯ ಮೇಲಿದ್ದ ವಾಹನಗಳೇ ಮಣ್ಣಿನಲ್ಲಿ ಸಿಲುಕಿದವು. ನಿರ್ಬಂಧದ ಆದೇಶವನ್ನು ಕಿರಿಕಿರಿ ಎಂದುಕೊಳ್ಳುವವರು ಈ ಎರಡು ಜಾಗಗಳಲ್ಲಿ ಒಮ್ಮೆ ತಲೆಯೆತ್ತಿ ಧರೆಯ ಎತ್ತರವನ್ನು ನೋಡಬೇಕು.

ಆದೇಶ ಹೊರಡಿಸುವವರು ಜಿಲ್ಲಾಧಿಕಾರಿಗಳು. ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಂ ಸಾರ್ವಜನಿಕ ಸುರಕ್ಷತೆಗಾಗಿ ವಾಹನ ಸಂಚಾರವನ್ನು ನಿರ್ಬಂಧಿಸಲು ಅವಕಾಶ ಕೊಡುತ್ತದೆ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 34ನೇ ಕಲಂ ಜಿಲ್ಲಾ ಪ್ರಾಧಿಕಾರಕ್ಕೆ ಅಪಾಯದ ಪ್ರದೇಶದೊಳಗೆ ಬರುವ, ಹೋಗುವ ವಾಹನಗಳನ್ನು ನಿಯಂತ್ರಿಸುವ ಅಧಿಕಾರ ನೀಡುತ್ತದೆ. ಎರಡನೆಯ ಕಾಯ್ದೆಯಡಿ ಹೊರಟ ನಿರ್ದೇಶನವನ್ನು ಸಕಾರಣವಿಲ್ಲದೆ ಪಾಲಿಸದಿದ್ದರೆ 51ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಶಿಕ್ಷೆ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಚೆಕ್‌ಪೋಸ್ಟಿನಲ್ಲಿ ನಿಂತ ಪೊಲೀಸ್ ಸಿಬ್ಬಂದಿಯೊಂದಿಗೆ ವಾದಕ್ಕಿಳಿಯುವವರಿಗೆ ಇದು ಗೊತ್ತಿರಬೇಕು. ಆ ಸಿಬ್ಬಂದಿಗೆ ಆದೇಶವನ್ನು ಸಡಿಲಿಸುವ ಅಧಿಕಾರವಿರುವುದಿಲ್ಲ.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ನಮ್ಮ ಘಾಟಿಗಳ ಮೇಲ್ಭಾಗ ಒಂದು ಜಿಲ್ಲೆಯದು, ಕೆಳಭಾಗ ಇನ್ನೊಂದರದು. ಶಿರಾಡಿಯಲ್ಲಿ ಮಾರನಹಳ್ಳಿಯವರೆಗಿನ ಭಾಗ ಹಾಸನಕ್ಕೆ ಸೇರಿದರೆ ಗುಂಡ್ಯದ ಕಡೆಯದು ದಕ್ಷಿಣ ಕನ್ನಡಕ್ಕೆ ಸೇರುತ್ತದೆ. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದ ಕಡೆ ಚಿಕ್ಕಮಗಳೂರು, ಕೆಳಗೆ ಬೆಳ್ತಂಗಡಿ ತಾಲ್ಲೂಕು. ಆದ್ದರಿಂದ ಎರಡೂ ಜಿಲ್ಲೆಗಳ ಪ್ರಕಟಣೆಯನ್ನು ನೋಡಬೇಕು. ಆದೇಶವನ್ನು ಓದುವಾಗ ದಿನಾಂಕ, ರಸ್ತೆಯ ಯಾವ ಊರಿನಿಂದ ಯಾವ ಊರಿನವರೆಗೆ ಎಂಬ ವಿವರ, ರಾತ್ರಿ ಸಂಚಾರಕ್ಕೆ ಪ್ರತ್ಯೇಕ ನಿಷೇಧವಿದೆಯೇ ಎಂಬುದು, ವಾಹನದ ವರ್ಗ ಮತ್ತು ಸೂಚಿಸಿದ ಬದಲಿ ಮಾರ್ಗ ಇಷ್ಟನ್ನೂ ಗಮನಿಸಬೇಕು. ಟೆಂಪೋ ಟ್ರಾವೆಲರ್ ಅಥವಾ ಮಿನಿ ಬಸ್ ಬಾಡಿಗೆಗೆ ಹಿಡಿದವರು ಅದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಆರ್‌ಸಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. ಬದಲಿ ಮಾರ್ಗದ ವಿಷಯದಲ್ಲೂ ಎಚ್ಚರ ಬೇಕು: ಶಿರಾಡಿ ಮುಚ್ಚಿದಾಗ ಹಾಸನದವರು ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿಗೆ ಹೋಗುವುದು ರೂಢಿ, ಆದರೆ ಶಿರಾಡಿಯನ್ನು ಮುಚ್ಚಿಸಿದ ಅದೇ ಮಳೆ ಚಾರ್ಮಾಡಿ, ಬಿಸಿಲೆ, ಸಂಪಾಜೆಗಳ ಮೇಲೂ ಬೀಳುತ್ತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಗುಡ್ಡ ಕುಸಿತದ ವಿಡಿಯೊಗಳಲ್ಲಿ ಹಿಂದಿನ ವರ್ಷಗಳವೂ ಇರುತ್ತವೆ. ದಿನಾಂಕವಿಲ್ಲದ ಸಂದೇಶವನ್ನು ನಂಬಿ ಹೊರಡುವುದೂ ತಪ್ಪು, ಹೊರಡದೆ ಉಳಿಯುವುದೂ ತಪ್ಪು. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳುವುದು ಉತ್ತಮ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ.ನಿಂದ ಅತಿ ಭಾರಿ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ. ರೆಡ್ ಅಲರ್ಟ್ ಇರುವ ದಿನ, ಆದೇಶ ಬಂದಿರಲಿ ಬಿಡಲಿ, ತೀರಾ ಅನಿವಾರ್ಯವಲ್ಲದ ಪ್ರಯಾಣವನ್ನು ಮುಂದೂಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆರೆಂಜ್ ಅಲರ್ಟ್ ದಿನ ಹೋಗಲೇಬೇಕಾದರೆ ಹಗಲಿನಲ್ಲೇ ಘಾಟಿ ದಾಟಿಬಿಡಬೇಕು.

ಓಡಿಸುವಾಗ ಪಾಲಿಸಬೇಕಾದದ್ದು ಹೆಚ್ಚಿಲ್ಲ, ಆದರೆ ಕಟ್ಟುನಿಟ್ಟಾಗಿ ಪಾಲಿಸಬೇಕು. ಹೊರಡುವ ಮೊದಲು ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾಗಿಲ್ಲವೆಂದು, ವೈಪರ್ ಗಾಜನ್ನು ಚೆನ್ನಾಗಿ ಒರೆಸುತ್ತಿದೆಯೆಂದು ನೋಡಿಕೊಳ್ಳಬೇಕು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ಬದಿಗೆ ನಿಲ್ಲಬೇಕು. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಹಿಂದಿರುಗುವುದರಿಂದ ಲೋಬೀಮ್ ಬಳಸಬೇಕು. ಚಲಿಸುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋಗುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಕಳಸ ಸಮೀಪದ ಹೆಬ್ಬಾಳೆ ಸೇತುವೆಯಂಥ ಕಡೆ ನೀರು ಮೇಲೆ ಹರಿಯುತ್ತಿದ್ದರೆ, ಮುಂದಿನ ಜೀಪು ದಾಟಿತೆಂದು ನೀವು ಇಳಿಯಬೇಡಿ. ಹರಿಯುವ ನೀರು ಎರಡಡಿ ಇದ್ದರೆ ದೊಡ್ಡ ಕಾರನ್ನೂ ಕೊಚ್ಚಿಕೊಂಡು ಹೋಗಬಲ್ಲದು.

ವಾಹನ ನಿಲ್ಲಿಸುವ ವಿಚಾರವನ್ನು ಹೆಚ್ಚು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಘಾಟಿಯಲ್ಲಿ ಬೇರೆಯವರ ಜೀವಕ್ಕೆ ತೊಂದರೆಯಾಗುವುದು ಬಹುತೇಕ ಇಲ್ಲಿಯೇ. ಚಾರ್ಮಾಡಿಯ ಬಂಡೆಗಳಿಂದ ನೀರು ಧುಮುಕುವ ಕಾಲದಲ್ಲಿ ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೊ ತೆಗೆಯುವವರಿಂದ ಅರ್ಧ ರಸ್ತೆ ಮುಚ್ಚಿಹೋಗುತ್ತದೆ. ಅದೇ ಹೊತ್ತಿಗೆ ಮೇಲೊಂದು ಮರ ಉರುಳಿದರೆ ಜೆಸಿಬಿ ಹತ್ತಲು ದಾರಿಯಿಲ್ಲ, ಕೆಳಗಿನಿಂದ ಬರುವ ಆಂಬುಲೆನ್ಸ್‌ಗೂ ದಾರಿಯಿಲ್ಲ. ಅಪಾಯಕಾರಿಯಾಗಿ ವಾಹನ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಅಡ್ಡವಾಗಿ ಬಿಟ್ಟುಹೋದ ವಾಹನವನ್ನು ಎಳೆದು ಸಾಗಿಸಲು 127ನೇ ಕಲಂ ಪೊಲೀಸರಿಗೆ ಅಧಿಕಾರ ಕೊಡುತ್ತದೆ ಮತ್ತು ಅದರ ಖರ್ಚು ಮಾಲೀಕರದ್ದೇ.

ಎಲ್ಲಿ ನಿಲ್ಲಿಸಬಾರದು? ತಿರುವಿನಲ್ಲಿ, ಸೇತುವೆ ಹಾಗೂ ಮೋರಿಯ ಮೇಲೆ, ಧರೆಯ ಬುಡದಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ವಿದ್ಯುತ್ ತಂತಿಯ ಕೆಳಗೆ. ಚರಂಡಿಯ ಮೇಲೆ ಒಂದು ಚಕ್ರ ಏರಿಸಿ ನಿಲ್ಲಿಸುವುದು ಹಲವರಿಗೆ ಸಭ್ಯತೆ ಎನಿಸುತ್ತದೆ. ಆದರೆ ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಗೆ ಬಂದು, ಕಣಿವೆಯ ಅಂಚನ್ನು ಕೊರೆಯುತ್ತದೆ. ಕಣಿವೆಯ ಬದಿಯ ಹಸಿ ಮಣ್ಣಿನ ಅಂಚಿಗೂ ಚಕ್ರ ಇಳಿಸಬಾರದು. ಧರೆಯಿಂದ ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಗಾಗಿದ್ದರೆ, ಮರ ಅಥವಾ ಕಂಬ ವಾಲಿದ್ದರೆ, ಡಾಂಬರಿನ ಅಂಚಿನಲ್ಲಿ ಹೊಸ ಬಿರುಕು ಕಂಡರೆ ಅಲ್ಲಿ ಒಂದು ನಿಮಿಷವೂ ನಿಲ್ಲದೆ ಮುಂದೆ ಸಾಗಿ, ಸುರಕ್ಷಿತ ಜಾಗದಿಂದ 112ಕ್ಕೆ ತಿಳಿಸಬೇಕು.

ಕೆಟ್ಟು ನಿಲ್ಲಲೇಬೇಕಾದರೆ ನೇರ ರಸ್ತೆಯಲ್ಲಿ, ಎರಡೂ ಕಡೆಯಿಂದ ಕಾಣುವ ಕಡೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಪ್ರತಿಫಲಕ ತ್ರಿಕೋನವನ್ನು ಹಿಂದಿನ ತಿರುವಿಗೂ ಮೊದಲೇ ಕಾಣುವಂತೆ ಇಡಬೇಕು. ವಾಹನದ ಮುಖ ಏರಿನ ಕಡೆಗಿದ್ದರೆ ಮೊದಲ ಗೇರು, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಉರುಳಿದರೂ ಧರೆಗೆ ತಾಗಿ ನಿಲ್ಲುವಂತೆ ಚಕ್ರವನ್ನು ತಿರುಗಿಸಿಡಬೇಕು. ಚಕ್ರಕ್ಕೆ ಒತ್ತಾಗಿ ಇಟ್ಟ ಕಲ್ಲನ್ನು ಹೊರಡುವಾಗ ತೆಗೆದು ಬದಿಗೆ ಹಾಕಲೇಬೇಕು. ಮಂಜಿನಲ್ಲಿ ಬರುವ ಬೈಕ್ ಸವಾರನಿಗೆ ಆ ಕಲ್ಲು ಕಾಣುವುದಿಲ್ಲ.

ಮುಂದೆ ಕುಸಿತವಾಗಿ ಸಾಲು ನಿಂತಾಗ ಎಡಬದಿಯಲ್ಲೇ ಒಂದೇ ಸಾಲಿನಲ್ಲಿ ಇರಬೇಕು. ಬಲಗಡೆ ನುಗ್ಗಿ ಎರಡನೇ ಸಾಲು ಕಟ್ಟಿದರೆ ತೆರವು ಮಾಡುವ ಯಂತ್ರ ಗಂಟೆಗಟ್ಟಲೆ ಸಾಲಿನ ಬಾಲದಲ್ಲೇ ಸಿಕ್ಕಿಕೊಳ್ಳುತ್ತದೆ. ನಿಂತ ಜಾಗ ಧರೆಯ ಕೆಳಗಿದ್ದರೆ ವಾಹನದಲ್ಲಿ ಕುಳಿತಿರದೆ, ಕೀಲಿಯನ್ನು ಚಾಲಕನ ಬಳಿಯೇ ಇಟ್ಟುಕೊಂಡು, ಬಯಲಿನ ಕಡೆಗೆ ನಡೆದುಹೋಗಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕುಡಿಯುವ ನೀರು, ಔಷಧಿ, ಹೊದಿಕೆ ಗಾಡಿಯಲ್ಲಿರಲಿ. ಘಾಟಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗದ ಕಾರಣ ಕೊಟ್ಟಿಗೆಹಾರ ಅಥವಾ ಸಕಲೇಶಪುರ ಬಿಡುವಾಗಲೇ ಮನೆಗೆ ತಿಳಿಸಿ ಹೊರಡಬೇಕು.

ಮುಳ್ಳಯ್ಯನಗಿರಿ, ದತ್ತಪೀಠದ ಕಡೆಗೆ ಹೋಗುವ ಪ್ರವಾಸಿಗರು ಜಿಲ್ಲಾಡಳಿತದ ಮುಂಗಡ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಿಯೇ ಕೈಮರ ಚೆಕ್‌ಪೋಸ್ಟಿಗೆ ಬರಬೇಕು. ಮಳೆ ಹೆಚ್ಚಾದರೆ ನೋಂದಣಿಯಿದ್ದರೂ ವಾಪಸು ಕಳುಹಿಸಬಹುದು.

ಮರ ಬಿದ್ದು ಅಥವಾ ಮಣ್ಣು ಮುಚ್ಚಿ ವಾಹನಕ್ಕೆ ಹಾನಿಯಾದರೆ, ತೆರವು ಮಾಡುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದು, ಪೊಲೀಸರಿಗೂ ವಿಮಾ ಕಂಪನಿಗೂ ಅಂದೇ ತಿಳಿಸಬೇಕು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಇಂಥ ಹಾನಿಗೆ ಪರಿಹಾರ ಸಿಗುವುದಿಲ್ಲವಾದ್ದರಿಂದ ಮಳೆಗಾಲಕ್ಕೆ ಮುನ್ನವೇ ಪಾಲಿಸಿಯನ್ನು ಪರಿಶೀಲಿಸಿಕೊಳ್ಳಬೇಕು. ವಿದ್ಯುತ್ ತಂತಿ ವಾಹನದ ಮೇಲೆ ಬಿದ್ದಿದ್ದರೆ ಅದನ್ನು ಮುಟ್ಟದೆ, ಯಾರನ್ನೂ ಹತ್ತಿರ ಬಿಡದೆ 1912ಕ್ಕೆ ಕರೆ ಮಾಡಬೇಕು. ನೀರು ಹೊಕ್ಕ ಎಂಜಿನ್ನನ್ನು ಒಮ್ಮೆಯೂ ಸ್ಟಾರ್ಟ್ ಮಾಡಿ ನೋಡದೆ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಗ್ಯಾರೇಜಿಗೆ ಟೋ ಮಾಡಿಸಬೇಕು.