ರಬ್ಬರಿನ ಸಂದು ಅಳೆಯುವ ಪಾಸಿಟ್ರಾನ್

ಟೈರ್ ಕಪ್ಪಗಿರುವುದು ರಬ್ಬರಿನಿಂದಲ್ಲ. ರಬ್ಬರ್ ಹಾಲು ಬೆಳ್ಳಗೇ ಇರುತ್ತದೆ, ಅಲ್ವಾ? ಕಪ್ಪು ಬರುವುದು ಅದಕ್ಕೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಪುಡಿಯಿಂದ. ಟೈರ್ ಬೇಗ ಸವೆಯದಂತೆ ಮಾಡುವುದೂ ಅದೇ. ಪುಡಿ ಸೇರಿದ ಮೇಲೆ ರಬ್ಬರ್ ಎಳೆಗಳ ನಡುವಿನ ಸಂದುಗಳು ಏನಾಗುತ್ತವೆ? ಒಂದು ನ್ಯಾನೋಮೀಟರಿಗೂ ಚಿಕ್ಕ ಸಂದುಗಳಿವು. ಇವುಗಳ ಅಳತೆ ತೆಗೆಯಲು ಪಾಸಿಟ್ರಾನ್ ಬೇಕು. ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶದ ಕಣ ಇದು. ಮೈಸೂರಿನ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲೂ ಪಾಲಿಮರ್‌ಗಳನ್ನು (ರಬ್ಬರ್, ಪ್ಲಾಸ್ಟಿಕ್‌ನಂಥ ಉದ್ದ ಎಳೆಯ ವಸ್ತುಗಳನ್ನು) ಹೀಗೆ ಪರೀಕ್ಷಿಸಿದ್ದಾರೆ.

ಮೊದಲು ತುಣುಕುಗಳು. 100 ಪಾಲು ರಬ್ಬರಿಗೆ ಪುಡಿ 0, 10, 30, 50 ಪಾಲು ಹಾಕಿ ಬೇರೆ ಬೇರೆ ಹಾಳೆ ಮಾಡಿಸಿ. ರಬ್ಬರ್ ಗಟ್ಟಿಯಾಗಲು ಹಾಕುವ ಗಂಧಕ, ಬೇಯಿಸುವ ಹೊತ್ತು ಎಲ್ಲದಕ್ಕೂ ಒಂದೇ ಇರಲಿ. ಇಲ್ಲದಿದ್ದರೆ ವ್ಯತ್ಯಾಸ ಪುಡಿಯದ್ದೋ ಗಂಧಕದ್ದೋ ತಿಳಿಯುವುದಿಲ್ಲ. ಪ್ರತಿ ಹಾಳೆಯಿಂದ 2 ಮಿ.ಮೀ. ದಪ್ಪದ ಎರಡು ತುಣುಕು ಕತ್ತರಿಸಿ.

ಎರಡರ ನಡುವೆ, ಹೋಳಿಗೆಯ ಹೂರಣದ ಹಾಗೆ, ಸೋಡಿಯಂ-22 ಇಡಬೇಕು. ಕ್ಯಾಪ್ಟಾನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಗಳಲ್ಲಿ ಮುಚ್ಚಿದ, ಪಾಸಿಟ್ರಾನ್ ಬಿಡುವ ವಿಕಿರಣ ಪದಾರ್ಥ ಇದು. ಹಾಗಾಗಿ ಪರವಾನಗಿ ಇರುವ ಪ್ರಯೋಗಾಲಯದಲ್ಲಷ್ಟೇ ಈ ಕೆಲಸ.

ಈಗ ಗಡಿಯಾರ. ಸೋಡಿಯಂ ಪಾಸಿಟ್ರಾನ್ ಬಿಟ್ಟ ಗಳಿಗೆಯಲ್ಲೇ 1.27 ಎಂಇವಿ (ಕಿರಣದ ಶಕ್ತಿ ಅಳೆಯುವ ಮಾನ) ಗಾಮಾ ಕಿರಣವೂ ಹೊರಡುತ್ತದೆ. ಒಂದು ಡಿಟೆಕ್ಟರ್ ಅದನ್ನು ಹಿಡಿದು ಗಡಿಯಾರ ಶುರು ಮಾಡುತ್ತದೆ. ಪಾಸಿಟ್ರಾನ್ ಎಲೆಕ್ಟ್ರಾನ್‌ಗೆ ತಾಗಿ ಅಳಿದಾಗ 0.511 ಎಂಇವಿ ಕಿರಣಗಳು ಬರುತ್ತವೆ. ಇನ್ನೊಂದು ಡಿಟೆಕ್ಟರ್ ಅವನ್ನು ಕಂಡು ಗಡಿಯಾರ ನಿಲ್ಲಿಸುತ್ತದೆ.

ಕೆಲವು ಪಾಸಿಟ್ರಾನ್‌ಗಳು ತಕ್ಷಣ ಅಳಿಯುವುದಿಲ್ಲ. ಎಲೆಕ್ಟ್ರಾನ್ ಜತೆ ಕೂಡಿ ಪಾಸಿಟ್ರೋನಿಯಂ ಆಗಿ ಸಂದಿನಲ್ಲಿ ಸೇರಿಕೊಳ್ಳುತ್ತವೆ. ಇದರಲ್ಲಿ ಜಾಸ್ತಿ ಬಾಳುವ ಬಗೆ ಶೂನ್ಯದಲ್ಲಿ ಸರಾಸರಿ 142 ನ್ಯಾನೋಸೆಕೆಂಡ್ ಉಳಿಯುತ್ತದೆ. ರಬ್ಬರಿನಲ್ಲಿ ಸುತ್ತಲ ಗೋಡೆಯ ಎಲೆಕ್ಟ್ರಾನ್‌ಗಳು ಬಿಡುವುದಿಲ್ಲ, 2–3 ನ್ಯಾನೋಸೆಕೆಂಡಿಗೇ ಮುಗಿಯಿತು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಓಡುವುದು ಶಾಲೆಯ ಸ್ಕೇಲಿನಷ್ಟು ದೂರ, 30 ಸೆಂ.ಮೀ. ಸಂದು ದೊಡ್ಡದಾದಷ್ಟೂ ಆಯುಸ್ಸು ಜಾಸ್ತಿ. ಆಯುಸ್ಸಿನಿಂದ ಸಂದಿನ ಅಳತೆ ಕೊಡುವ ಟಾವೊ–ಎಲ್ಡ್ರಪ್ ಸೂತ್ರಕ್ಕೆ 2.5 ನ್ಯಾನೋಸೆಕೆಂಡ್ ಹಾಕಿದರೆ ಸಂದಿನ ತ್ರಿಜ್ಯ ಸುಮಾರು 0.33 ನ್ಯಾನೋಮೀಟರ್ ಬರುತ್ತದೆ.

ಗಡಿಯಾರ ಶುರುವಾಗಿ ನಿಂತದ್ದು ಹತ್ತು ಲಕ್ಷ ಎಣಿಕೆ ಸೇರುವ ತನಕ ಸುಮ್ನೆ ಕಾಯಿರಿ. ಕೋಣೆಯ ಬಿಸಿ ಏರಿಳಿಯದಂತೆ ನೋಡಿಕೊಳ್ಳಿ, ಯಾಕೆಂದರೆ ಬಿಸಿಗೆ ಸಂದೂ ಹಿಗ್ಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಣಿಕೆಯನ್ನು ಮೂರು ಆಯುಸ್ಸುಗಳಾಗಿ ಬಿಡಿಸಿ. ನಮಗೆ ಬೇಕಾದ್ದು ಮೂರನೆಯದು, ಎಲ್ಲಕ್ಕಿಂತ ಉದ್ದದ್ದು; ಸಂದಿನಲ್ಲಿ ಸೇರಿದ ಪಾಸಿಟ್ರೋನಿಯಂನದ್ದು ಅದೇ.

ಹೊಸಬರು ಎಡವುವುದು ಇಲ್ಲಿ. ಕಾರ್ಬನ್ ಬ್ಲ್ಯಾಕ್ ಜಾಸ್ತಿಯಾದಂತೆ ಒಟ್ಟು ಎಣಿಕೆಯಲ್ಲಿ ಮೂರನೆಯದರ ಪಾಲು ಕುಗ್ಗುತ್ತದೆ. 'ಸಂದುಗಳೇ ಮುಚ್ಚಿಹೋದವು' ಎಂದು ಬರೆದುಬಿಡಬೇಡಿ. ಕಾರ್ಬನ್ ಕಣದೊಳಕ್ಕೆ ಹೊಕ್ಕ ಪಾಸಿಟ್ರಾನ್ ಅಲ್ಲೇ ಅಳಿಯುತ್ತದೆ, ಪಾಸಿಟ್ರೋನಿಯಂ ಆಗುವುದಿಲ್ಲ. ಪಾಲು ಇಳಿಯಲು ಅಷ್ಟೇ ಸಾಕು. ಪಾಲಿನ ಜತೆಗೆ ಆಯುಸ್ಸೂ ಇಳಿದಿದೆಯೇ ನೋಡಿ. ಇಳಿದಿದ್ದರೆ, ಪುಡಿಯ ಪಕ್ಕದ ಎಳೆಗಳು ಬಿಗಿಯಾಗಿವೆ ಎನ್ನಲು ಆಧಾರ ಸಿಕ್ಕಿತು.

ಕಾರ್ಬನ್ ಬದಲು ಸಿಲಿಕಾ (ಮರಳಿನಲ್ಲಿರುವ ಪದಾರ್ಥದ ಪುಡಿ) ಬೆರೆಸಿದ್ದರೆ ಇನ್ನೊಂದು ತಕರಾರು. ಅದರದ್ದೇ ರಂಧ್ರಗಳಲ್ಲಿ ಪಾಸಿಟ್ರೋನಿಯಂ ಹತ್ತಾರು ನ್ಯಾನೋಸೆಕೆಂಡ್ ಬದುಕಬಹುದು. ಆಗ ಮೂರು ಸಾಲದು, ನಾಲ್ಕನೆಯ ಆಯುಸ್ಸಿಗೂ ಜಾಗ ಬಿಡಿ.