ಹಳ್ಳಿಯ ಮಿಲ್ ಸಾವ್ಕಾರರ ಮನೆ: ಅದರ ಚರಿತ್ರೆ ಹುಡುಕುವ ದಾರಿ

ದಾವಣಗೆರೆ, ಹರಿಹರ, ಜಗಳೂರು ಕಡೆಯ ಎರೆಹೊಲದ ಊರುಗಳಲ್ಲಿ ‘ಮಿಲ್ ಸಾವ್ಕಾರ್ರ ಮನೆ’ ಎಂದು ಕರೆಯುವ ಮನೆಗಳಿವೆ. ಮಿಲ್ಲೆಂದರೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಎಣ್ಣೆ ಮಿಲ್ಲು ಅಥವಾ ಅಕ್ಕಿ ಮಿಲ್ಲು. ಇಂಥ ಮನೆಯ ಚರಿತ್ರೆ ಬರೆಯಲು ಹೊರಟವರು ನೇರ ತಲೆಬಾಗಿಲಿಗೆ ಹೋಗಿ ಅಲ್ಲಿ ಕೆತ್ತಿದ ಇಸವಿಯನ್ನು ಬರೆದುಕೊಳ್ಳುತ್ತಾರೆ. ಆ ಇಸವಿ ಎಷ್ಟೋ ಸಲ ಮುಂಭಾಗ ಹೊಸದು ಮಾಡಿಸಿದ ವರ್ಷದ್ದು. ಹುಡುಕಾಟವನ್ನು ಮಿಲ್ಲಿನಿಂದ ಶುರು ಮಾಡಿ. ಮಿಲ್ಲಿಗೆ ಜಮೀನು, ಲೈಸೆನ್ಸು, ಸಾಲ, ಯಂತ್ರ ಎಲ್ಲವೂ ಬೇಕಿತ್ತು, ಹಾಗಾಗಿ ಅದರ ಕಾಗದ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಊರೊಳಗೆ ಮನೆ ಕಟ್ಟಿಕೊಳ್ಳಲು ಅಷ್ಟು ಕಾಗದ ಬೇಕಿರಲಿಲ್ಲ.

ಮೊದಲು ಊರು ಯಾವ ಕಾಲದಲ್ಲಿ ಯಾವ ಜಿಲ್ಲೆಯಲ್ಲಿತ್ತು ಎಂದು ಖಚಿತ ಮಾಡಿಕೊಳ್ಳಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ, ಹರಪನಹಳ್ಳಿ ಬಳ್ಳಾರಿಗೆ. ಹರಪನಹಳ್ಳಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರದಲ್ಲಿದೆ. ಇದನ್ನು ನೋಡಿಕೊಳ್ಳದೆ ಹೋದರೆ ತಪ್ಪು ಕಚೇರಿಯ ಕಪಾಟು ತಡಕುತ್ತಾ ವಾರಗಟ್ಟಲೆ ಕಳೆಯಬೇಕಾಗುತ್ತದೆ.

ಮಿಲ್ಲು ನಿಂತ ಜಾಗದ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಅದರಲ್ಲಿ ಕಾಣುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆಯನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಕೊಟ್ಟು ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಕಲು ಕೇಳಿ. ಜಮೀನು ಯಾರಿಂದ ಯಾರಿಗೆ, ಕ್ರಯದಿಂದಲೋ ಪಾಲಿನಿಂದಲೋ ಬಂತು ಎಂಬುದು ಅಲ್ಲಿರುತ್ತದೆ. ಮನೆಗೆ ಈ ದಾರಿ ನಡೆಯುವುದಿಲ್ಲ. ಅದು ಗ್ರಾಮಠಾಣದೊಳಗೆ, ಅಂದರೆ ಊರ ವಸತಿ ಜಾಗದೊಳಗೆ ಇದ್ದರೆ ಅದಕ್ಕೆ ಪ್ರತ್ಯೇಕ ಪಹಣಿ ಇರುವುದಿಲ್ಲ. ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಆಸ್ತಿಗಳ ಕಂಪ್ಯೂಟರ್ ದಾಖಲೆಯ) ನಮೂನೆ 9, 11 ಮಾತ್ರ ನೋಡಿ ಬರಬೇಡಿ, ಅವು ಈಚಿನವು. ಮನೆ ಕಂದಾಯದ ಹಳೆಯ ಡಿಮ್ಯಾಂಡ್ ರಿಜಿಸ್ಟರ್ ಕೇಳಿ.

ಹೆಚ್ಚು ಫಲ ಸಿಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಅಲ್ಲಿ ಸೂಚಿ 1 ಹೆಸರಿನ ಪ್ರಕಾರ, ಸೂಚಿ 2 ಆಸ್ತಿಯ ಪ್ರಕಾರ ಇರುತ್ತದೆ. ಕಂಪ್ಯೂಟರ್‌ನಲ್ಲಿ ಬರುವ ಇ.ಸಿ. (ಋಣಭಾರ ಪತ್ರ) ಹಳೆಯ ಕಾಲವನ್ನು ಮುಟ್ಟುವುದಿಲ್ಲವಾದ್ದರಿಂದ ಕೈಬರಹದ ಪುಸ್ತಕಗಳಲ್ಲೇ ಹುಡುಕಿಸಬೇಕು. ಒಟ್ಟಿಗೆ ಎಲ್ಲ ವರ್ಷ ಕೇಳಿದರೆ ‘ಸಿಗಲಿಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. ಹತ್ತು ಹತ್ತು ವರ್ಷವಾಗಿ ಅರ್ಜಿ ಕೊಡಿ. ಹೆಸರನ್ನು ಬೇರೆ ಬೇರೆ ರೀತಿ ಬರೆದು ಕೊಡಿ: ಊರಿನ ಹೆಸರು ಸೇರಿಸಿ, ಬಿಟ್ಟು, ತಂದೆಯ ಹೆಸರು ಹಿಡಿದು, ‘ಪ್ಪ’ ಇದ್ದದ್ದು ‘ಯ್ಯ’ ಆಗಿರಬಹುದೆಂದೂ ನೋಡಿ. ಸಾವ್ಕಾರರು ಬರೆಸಿದ ಪತ್ರ ಸಿಗದಿದ್ದರೆ ಅಕ್ಕಪಕ್ಕದವರ ಕ್ರಯಪತ್ರ, ಅಡಮಾನಪತ್ರಗಳ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ ಓದಿ. ಪಕ್ಕದ ಹೊಲದ ಪತ್ರವೊಂದರಲ್ಲಿ ‘ಪೂರ್ವಕ್ಕೆ ಖಾಲಿ ಜಮೀನು’ ಎಂದಿದ್ದು, ಕೆಲವು ವರ್ಷ ಬಿಟ್ಟು ಅದೇ ಹೊಲದ ಇನ್ನೊಂದು ಪತ್ರದಲ್ಲಿ ‘ಪೂರ್ವಕ್ಕೆ ಜಿನ್ನಿಂಗ್ ಫ್ಯಾಕ್ಟರಿ ಕಾಂಪೌಂಡು’ ಎಂದಿದ್ದರೆ ಮಿಲ್ಲು ಎದ್ದದ್ದು ಆ ಎರಡರ ನಡುವೆ. ಹಳ್ಳಿಯ ಮಟ್ಟಿಗೆ ಇದರಷ್ಟು ನಂಬಬಹುದಾದ ಸಾಕ್ಷಿ ಕಡಿಮೆ.

ಮನೆಯವರ ಹತ್ತಿರ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ ಪುಸ್ತಕ, ಪಾಲುಪಟ್ಟಿ ಇದ್ದರೆ ಅಲ್ಲಿಯೇ ಕೂತು ಫೋಟೋ ತೆಗೆಯಿರಿ, ಮನೆಗೆ ಒಯ್ಯಬೇಡಿ. ತಾರೀಕಿನ ಜಾಗದಲ್ಲಿ ಬರೀ ಸಂವತ್ಸರವಿದ್ದರೆ ಎಚ್ಚರ. ವಿಕ್ರಮ ಸಂವತ್ಸರವೆಂದರೆ 1880ರದ್ದೂ ಆಗಬಹುದು, 1940ರದ್ದೂ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಶಕ ವರ್ಷವೂ ಇದ್ದರೆ 78 ಕೂಡಿ: ಶಕ 1862, ಅಂದರೆ 1940. ಆದರೆ ಸಂವತ್ಸರ ತಿರುಗುವುದು ಯುಗಾದಿಗೆ, ಆದ್ದರಿಂದ ವಿಕ್ರಮದ ಮಾಘ ಮಾಸ 1941ರಲ್ಲಿ ಬೀಳುತ್ತದೆ. ಬರೆಯುವಾಗ ಈ ಒಂದು ವರ್ಷ ತಪ್ಪುವುದು ಬಹಳ. ಲೆಕ್ಕ ರೂಪಾಯಿ-ಆಣೆ-ಪೈಗಳಲ್ಲಿದ್ದರೆ 16 ಆಣೆಗೆ ರೂಪಾಯಿ, 12 ಪೈಗೆ ಆಣೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಿಂದ. ‘ಮಣ’ವನ್ನು ಮಾತ್ರ ಕಿಲೋಗೆ ತಿರುಗಿಸಲು ಹೋಗಬೇಡಿ. ಒಂದೊಂದು ಪೇಟೆಯ ಮಣ ಒಂದೊಂದು ತೂಕದ್ದಾಗಿತ್ತು. ಪುಸ್ತಕದಲ್ಲಿ ಇದ್ದಂತೆಯೇ ಉಳಿಸಿ.

ಇನ್ನು ಯಂತ್ರ. ಹಿತ್ತಲಲ್ಲೋ ಮಿಲ್ಲಿನ ಮೂಲೆಯಲ್ಲೋ ಎಂಜಿನ್ ತುಕ್ಕು ಹಿಡಿದು ಬಿದ್ದಿದ್ದರೆ ಅದರ ಹಿತ್ತಾಳೆ ಫಲಕ ನೋಡಿ. ‘ರಸ್ಟನ್ ಪ್ರಾಕ್ಟರ್’ ಎಂದಿದ್ದರೆ 1918ಕ್ಕೆ ಮುಂಚಿನದು, ‘ರಸ್ಟನ್ ಅಂಡ್ ಹಾರ್ನ್ಸ್‌ಬಿ’ ಎಂದಿದ್ದರೆ ಅಲ್ಲಿಂದ ಈಚಿನದು. ರಸ್ಟನ್, ಹಾರ್ನ್ಸ್‌ಬಿ ಎಂಬ ಎರಡು ಎಂಜಿನ್ ಕಂಪನಿಗಳು ಕೂಡಿದ್ದು ಆ ವರ್ಷ. ಅಕ್ಷರ ಕಾಣದಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಉಳಿದದ್ದೂ ಹೋಗುತ್ತದೆ. ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ ಅಡ್ಡ ಮಾಡಿ ಉಜ್ಜಿ, ಇಲ್ಲವೇ ಸಂಜೆ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ನೆರಳಿನಲ್ಲಿ ಅಕ್ಷರ ಎದ್ದು ಬರುತ್ತವೆ. ಹಳೆ ಎಂಜಿನ್‌ಗಳು ಮಿಲ್ಲಿನಿಂದ ಮಿಲ್ಲಿಗೆ ಮಾರಾಟವಾಗುತ್ತಿದ್ದವು. ಹಾಗಾಗಿ ಫಲಕ ಯಂತ್ರದ ವಯಸ್ಸು ಹೇಳುತ್ತದೆ, ಮಿಲ್ಲಿನ ವಯಸ್ಸು ಹೇಳುವುದಿಲ್ಲ.

ಈಗ ಮನೆಯೊಳಕ್ಕೆ ಬನ್ನಿ. ಈ ಸೀಮೆಯ ಹಳೆಯ ಮನೆ ಮಾಳಿಗೆಯದು: ತೊಲೆ, ಜಂತೆ, ಮೇಲೆ ಸೌಳು (ಕ್ಷಾರದ) ಮಣ್ಣು. ಮುಂದಿನ ಪಡಸಾಲೆಗೆ ಹೆಂಚು ಬಂದಿದ್ದರೆ ಅದು ಆಮೇಲೆ ಸೇರಿಸಿದ್ದೇ ಎಂದು ಗೋಡೆ ಕೂಡುವ ಜಾಗ ನೋಡಿ. ಕಲ್ಲು ಹೆಣೆದುಕೊಂಡಿರದೆ ಉದ್ದಕ್ಕೆ ಒಂದೇ ಸಂದು ಬಿಟ್ಟಿದ್ದರೆ ಸೇರಿಸಿದ್ದು. ಹೆಂಚಿನ ಅಡಿಯ ಮುದ್ರೆ ಓದಲು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ದಿನ ಹೋಗಿ. ‘ಬಾಸೆಲ್ ಮಿಷನ್ 1865’ ಎಂದು ಕಂಡರೆ ಮನೆ 1865ರದ್ದು ಎಂದು ಬರೆದವರಿದ್ದಾರೆ. ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. ಎಷ್ಟೋ ವರ್ಷ ಅದೇ ಅಂಕಿ ಒತ್ತಿದರು. ಕಬ್ಬಿಣದ ತೊಲೆಯ ಮೇಲೆ ಟಾಟಾ ಎಂದಿದ್ದರೆ ಅದು 1912ಕ್ಕೆ ಹಿಂದಿನದಲ್ಲ, ಜಮ್ಶೆಡ್‌ಪುರದಲ್ಲಿ ಉಕ್ಕು ತಯಾರಾದದ್ದೇ ಆಗ. ಗೋಡೆಯ ಸಿಮೆಂಟು ನೋಡಿ ವಯಸ್ಸು ಕಟ್ಟಬೇಡಿ. ಎಲ್ಲಾದರೂ ಚಕ್ಕೆ ಎದ್ದಿರುವ ಕಡೆ ಇಣುಕಿ. ಒಳಗೆ ಗಾರೆಯೋ ಕೆಸರು ಗಾರೆಯೋ ಇರಬಹುದು.

ಹಿರಿಯರನ್ನು ‘ಮನೆ ಯಾವ ಇಸವಿಯಲ್ಲಿ ಕಟ್ಟಿದ್ದು?’ ಎಂದು ಕೇಳಿದರೆ ‘ನೂರು ವರ್ಷ ಆಗಿರಬೇಕಪ್ಪ’ ಎನ್ನುತ್ತಾರೆ. ಬದಲಿಗೆ, ‘ಅಜ್ಜೀ, ನೀವು ಮದುವೆಯಾಗಿ ಈ ಊರಿಗೆ ಬಂದಾಗ ಮಿಲ್ಲಿನ ಕೂಗು ಕೇಳುತ್ತಿತ್ತಾ? ಸಾವ್ಕಾರರು ಹಳೆ ಮನೆಯಲ್ಲಿದ್ದರಾ, ಈ ಮನೆಯಲ್ಲಾ? ಕರೆಂಟು ಮೊದಲು ಮಿಲ್ಲಿಗೆ ಬಂತಾ, ಮನೆಗಾ?’ ಎಂದು ಕೇಳಿ. ಮಿಲ್ಲಿನಲ್ಲಿ ಹತ್ತಿ ಆರಿಸಿದ ಹೆಂಗಸರ ಮನೆಗಳಿಗೂ ಹೋಗಿ. ಸಾವ್ಕಾರರ ಮನೆಯವರು ಮರೆತದ್ದು, ಹೇಳಲು ಮನಸ್ಸಿಲ್ಲದ್ದು ಅಲ್ಲಿ ನೆನಪಿರುತ್ತದೆ: ಕೂಲಿ ಎಷ್ಟಿತ್ತು, ಮನೆಯ ಯಾವ ಬಾಗಿಲವರೆಗೆ ಬರಬಹುದಿತ್ತು.

ಬರೆಯುವಾಗ ಪ್ರತಿ ಸಂಗತಿಯ ಎದುರು ಅದು ಪತ್ರದಲ್ಲಿದೆಯೇ, ಗೋಡೆಯಲ್ಲಿದೆಯೇ, ಬಾಯಿಮಾತೇ ಎಂದು ಗುರುತು ಹಾಕಿ. ಮೂರೂ ಕೂಡದ ಕಡೆ ಒಂದೇ ಇಸವಿ ಬರೆಯದೆ ‘1925ರ ನಂತರ, 1940ಕ್ಕೆ ಮುಂಚೆ’ ಎಂಬಂತೆ ಬರೆಯಿರಿ. ಒಂದು ಪ್ರತಿ ಮನೆಯವರಿಗೆ, ಒಂದು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಪಾಲುಪಟ್ಟಿಯ ವಿವರಗಳನ್ನು ಮಾತ್ರ ಎಲ್ಲ ಪಾಲುದಾರರ ಒಪ್ಪಿಗೆಯಿಲ್ಲದೆ ಅದರಲ್ಲಿ ಸೇರಿಸಬೇಡಿ. ಕೋರ್ಟಿನಲ್ಲಿ ದಾವೆ ನಡೆಯುತ್ತಿರುವ ಮನೆಗಳು ಇಂಥವುಗಳಲ್ಲಿ ಅನೇಕ.